ಮೂಲಾ ಸಾಲಿಗೆ ಬಂದ ಟ್ರ್ಯಾಕ್ಟರು

"ಇದಕ್ಕಿಂತ ದೊಡ್ಡದು ಇಲ್ವಾ?"

ಲೀಲಾಧರಣ್ಣ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಕಲ್ಯಾಣದಿಂದ ಮುರಬಾಡಿಗೆ ಹೋಗುವ ರಸ್ತೆಯ ಆ ಅಂಗಡಿಯಲ್ಲಿ ಮಾರಾಟಗಾರ ಚಹಾ ಹೇಳಲು ಹೊರಗೆ ಹೋಗಿದ್ದ. ಎದುರಿಗಿದ್ದದ್ದು ಸಾಲಾಗಿ ನಿಂತ ಟ್ರ್ಯಾಕ್ಟರುಗಳು ಮಾತ್ರ. ಅವುಗಳಲ್ಲೆಲ್ಲ ದೊಡ್ಡದರ ಹಿಂದಿನ ಚಕ್ರ ಲೀಲಾಧರಣ್ಣನ ಎದೆಯವರೆಗೆ ಬರುತ್ತಿತ್ತು. ಅವರಿಗೆ ಅದು ಕುತ್ತಿಗೆಯವರೆಗಾದರೂ ಬರಬೇಕಿತ್ತು.

ಡೊಂಬಿವಲಿ ಪೂರ್ವದಲ್ಲಿ ಅವರಿಗೆ ಎರಡು ಹೋಟೆಲುಗಳಿವೆ. ನಮ್ಮ ಕನ್ನಡ ಸಂಘಕ್ಕೆ ಅವರು ಎಷ್ಟು ಕಾಲದಿಂದ ಅಧ್ಯಕ್ಷರೆಂದರೆ, ಹಿಂದಿನ ಅಧ್ಯಕ್ಷರು ಯಾರೆಂದು ಕೇಳಿದರೆ ಹೊಸ ಸದಸ್ಯರು ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ನೋಡುತ್ತಾರೆ. ಅವರ ಬಲಕ್ಕೆ ನಿಂತಿದ್ದವರು ಕಾರ್ಯದರ್ಶಿ ಪುಂಡರೀಕಾಕ್ಷ ರಾಯರು. ಬೇಲಾಪುರದ ಕಚೇರಿಯೊಂದರಲ್ಲಿ ಸೇವೆ ಮುಗಿಸಿ ಬಂದವರು. ಅಧ್ಯಕ್ಷರು ಮಾಡಿಬಿಟ್ಟದ್ದಕ್ಕೆ ಕಾರಣ ಹುಡುಕಿಕೊಡುವುದು ಈಗ ಅವರ ಸೇವೆ. ಸ್ವಲ್ಪ ಹಿಂದೆ, ಕೈಚೀಲ ಹಿಡಿದುಕೊಂಡು, ಸಂಘದ ಸದಸ್ಯೆ ರತ್ನಾವತಿಯಕ್ಕ ನಿಂತಿದ್ದರು.

ಟ್ರ್ಯಾಕ್ಟರು ಬೇಕಾದದ್ದು ಹುಲ್ಲಿಗಾಗಿ. ಟಿಟವಾಳದಾಚೆ ಗುಡ್ಡದ ಬುಡದಲ್ಲಿ ಸಂಘದ ನಕ್ಷತ್ರವನವಿದೆ. ಇಪ್ಪತ್ತೇಳು ನಕ್ಷತ್ರಗಳಿಗೆ ಇಪ್ಪತ್ತೇಳು ಸಾಲು, ಒಂದೊಂದಕ್ಕೂ ಶಾಸ್ತ್ರದಲ್ಲಿ ಹೇಳಿದ ಮರ. ರೋಹಿಣಿಗೆ ನೇರಳೆ, ಚಿತ್ತಾಕ್ಕೆ ಬಿಲ್ವ, ಅನುರಾಧಾಕ್ಕೆ ರೆಂಜೆ, ಮೂಲಾಕ್ಕೆ ಧೂಪ. 2003ರ ಮಳೆಗಾಲದಲ್ಲಿ ಸಂಘದವರು ಅವರವರ ನಕ್ಷತ್ರದ ಸಾಲಿನಲ್ಲಿ ಸ್ವಂತ ಕೈಯಿಂದ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಹೋದರು. ಆಮೇಲೆ ಬಂದು ನೋಡಿದವರು ಕಡಿಮೆ. ಭಾನುವಾರ ಲೋಕಲ್ ಹಿಡಿದು ಹೋಗುತ್ತಿದ್ದವರು ರತ್ನಾವತಿಯಕ್ಕ ಮತ್ತು ಅವರ ಮಗಳು ಸೌಜನ್ಯ. ಮರಗಳು ಬೆಳೆದವು, ನಡುವೆ ಹುಲ್ಲೂ ಬೆಳೆಯಿತು. ಮಳೆ ಮುಗಿದಾಗ ಎದೆಯೆತ್ತರ ನಿಲ್ಲುವ ಹುಲ್ಲು ಸಂಕ್ರಾಂತಿ ಕಳೆದ ಮೇಲೆ ಒಣಗಿ ಬೆಂಕಿಗೆ ಕಾಯುತ್ತದೆ. ಕಳೆದ ಮಾರ್ಚಿನಲ್ಲಿ ಪಕ್ಕದ ಜಾಗದಿಂದ ಕಿಡಿ ಹಾರಿ ಅಶ್ವಿನಿ, ಭರಣಿ ಎರಡು ಸಾಲು ಸುಟ್ಟುಹೋದವು. ಈ ಸಲ ಅಷ್ಟರೊಳಗೆ ಹುಲ್ಲು ತೆಗೆಯದಿದ್ದರೆ ಉಳಿದ ನಕ್ಷತ್ರಗಳನ್ನು ಆಕಾಶದಲ್ಲೇ ನೋಡಬೇಕಾಗಿತ್ತು. ಕತ್ತಿ ಹಿಡಿದು ಹುಲ್ಲು ಕೊಯ್ಯುವವರು ಸಿಗುತ್ತಿರಲಿಲ್ಲ. ಅದಕ್ಕೇ, ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡುವ ಟ್ರ್ಯಾಕ್ಟರು.

ರತ್ನಾವತಿಯಕ್ಕ ಅಂಗಡಿಯ ಮೂಲೆಯಲ್ಲಿದ್ದ ಒಂದು ಪುಟ್ಟ ಟ್ರ್ಯಾಕ್ಟರಿನ ಎದುರು ಹೋಗಿ, ಕೈಚೀಲ ನೆಲಕ್ಕಿಟ್ಟು, ಎರಡೂ ತೋಳು ಚಾಚಿ ನಿಂತರು. ಅದರ ಎರಡು ಬದಿಯ ಚಕ್ರಗಳು ಅವರ ಮಣಿಕಟ್ಟುಗಳ ಒಳಗೇ ಮುಗಿದವು.

"ಇದು ಸಾಕು ಲೀಲಾಧರಣ್ಣ. ನಮ್ಮ ಸಾಲಿನ ನಡುವೆ ನಿಂತು ಹೀಗೆ ಕೈ ಚಾಚಿದ್ರೆ ಎರಡೂ ಕಡೆ ಎಲೆ ತಾಗ್ತದೆ. ಬೇಲಿ ಹತ್ರ ತಿರುಗಿಸ್ಲಿಕ್ಕೂ ಇದಕ್ಕೆ ಜಾಗ ಉಂಟು."

"ಅದಾ?" ಲೀಲಾಧರಣ್ಣ ಬಗ್ಗಿ ನೋಡಿದರು, ನೆಲಕ್ಕೆ ಬಿದ್ದ ಅಂಗಿಯ ಗುಂಡಿ ಹುಡುಕುವವರಂತೆ. "ಅದರ ಮೇಲೆ ಕೂತ್ಕೊಂಡು ಹೋಗುದಕ್ಕಿಂತ ಅದನ್ನೇ ಬಗಲಲ್ಲಿ ಇಟ್ಕೊಂಡು ಹೋಗ್ಬಹುದಲ್ಲ ಅಕ್ಕ!"

ರಾಯರು ನಕ್ಕರು. ಅಧ್ಯಕ್ಷರು ನಗುವ ಮೊದಲು ನಗಬಾರದು, ನಕ್ಕ ಮೇಲೆ ತಡ ಮಾಡಬಾರದು ಎಂಬ ಹದ ಅವರಿಗೆ ತಿಳಿದಿತ್ತು. "ದೊಡ್ಡದು ಐವತ್ತೈದು ಎಚ್‌ಪಿ. ಅಂದ್ರೆ ಐವತ್ತೈದು ಕುದುರೆ, ಅಕ್ಕ."

"ಸೂರ್ಯನಾರಾಯಣನ ರಥಕ್ಕೇ ಏಳು ಕುದುರೆ ಸಾಕಾಗಿದೆ ರಾಯ್ರೆ. ಹುಲ್ಲು ತೆಗೀಲಿಕ್ಕೆ ಐವತ್ತೈದಾ?"

"ಸೂರ್ಯನಿಗೆ ಶೋಭಾಯಾತ್ರೆಗೆ ಬರ್ಲಿಕ್ಕೆ ಇಲ್ಲ ಅಲ್ವಾ," ಎಂದರು ಲೀಲಾಧರಣ್ಣ.

ಮಾತು ಹೊರಗೆ ಬಿತ್ತು. ಯುಗಾದಿಯ ದಿನ, ಅಂದರೆ ಇಲ್ಲಿಯವರ ಗುಡಿ ಪಾಡ್ವದ ದಿನ, ಡೊಂಬಿವಲಿಯಲ್ಲಿ ದೊಡ್ಡ ಶೋಭಾಯಾತ್ರೆ ಹೊರಡುತ್ತದೆ. ಊರಿನ ಎಲ್ಲ ಸಂಘಗಳೂ ಸ್ತಬ್ಧಚಿತ್ರ ತರುತ್ತವೆ. ಕಳೆದ ವರ್ಷ ನಮ್ಮದನ್ನು ಎಳೆದದ್ದು ತರಕಾರಿಯ ಟೆಂಪೊ. ಅದು ಫಡಕೆ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ಮೇಲೆ ಯಕ್ಷಗಾನದ ವೇಷ ಹಾಕಿಕೊಂಡು ನಿಂತಿದ್ದ ಖಜಾಂಚಿ ಕಿರೀಟ ತೆಗೆದಿಟ್ಟು ಕೆಳಗಿಳಿದು ಹಿಂದಿನಿಂದ ತಳ್ಳಿದರು. ಮುಂದಿನವರ ಸ್ತಬ್ಧಚಿತ್ರಕ್ಕೆ ಟ್ರ್ಯಾಕ್ಟರು ಕಟ್ಟಿತ್ತು. ಆ ದಿನದಿಂದ ಲೀಲಾಧರಣ್ಣನ ಮನಸ್ಸಿನಲ್ಲಿ ಒಂದು ಟ್ರ್ಯಾಕ್ಟರು ಬೆಳೆಯುತ್ತ ಬಂದಿತ್ತು. ವನದ ಹುಲ್ಲು ಅದಕ್ಕೊಂದು ನೆಪವಾಗಿ ಒದಗಿತು.

ಮಾರಾಟಗಾರ ಬಂದು, "ಸೇಠ್, ಜಮೀನ್ ಮೇ ಝಾಡ್ ಹೈ ಕ್ಯಾ?" ಎಂದು, ಜಾಗದಲ್ಲಿ ಮರಗಳಿವೆಯೇ ಎಂದು ಕೇಳಿದ.

"ಝಾಡ್ ಛೋಡೋ," ಎಂದು ಮರದ ಮಾತನ್ನೇ ತಳ್ಳಿಹಾಕಿ ಲೀಲಾಧರಣ್ಣ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಲು ಹೇಳಿದರು. "ಸಬ್‌ಸೇ ಬಡಾ ಬತಾವ್."

ಕೊಂಡು ತಂದ ದೊಡ್ಡ ಟ್ರ್ಯಾಕ್ಟರಿಗೆ ಹೋಟೆಲಿನ ಎದುರು ಪೂಜೆಯಾಯಿತು. ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು, ಮೂತಿಗೆ ಗಂಧ ಬಳಿದು ಹಾರ ಹಾಕಿದರು, ಸಂಘದ ಬಾವುಟ ಕಟ್ಟಿದರು. ಲೀಲಾಧರಣ್ಣ ಮೇಲೆ ಹತ್ತಿ, ಕೆಳಗಿಳಿದು, ಫೋಟೊ ಸರಿಯಾಗಿ ಬರಲಿಲ್ಲವೆಂದು ಮತ್ತೆ ಹತ್ತಿದರು. ಮುಂದಿನ ಭಾನುವಾರ ಅದು ವನಕ್ಕೆ ಹೋಯಿತು. ಸಂಘದವರು ಹಿಂದೆ ಕಾರುಗಳಲ್ಲಿ.

ಓಡಿಸಿದವನು ವನದ ಕಾವಲುಗಾರ ಮಾಪಣ್ಣ. ಕಲಬುರಗಿಯ ಕಡೆಯವನು, ಗೇಟಿನ ಪಕ್ಕದ ತಗಡಿನ ಮನೆಯಲ್ಲಿ ಹೆಂಡತಿ ಮರಗಮ್ಮನ ಜೊತೆ ಇರುವವನು. ಅವನಿಗೂ ದೊಡ್ಡದೇ ಬೇಕಿತ್ತು. ಶಹಾಡಿನಲ್ಲಿರುವ ಬೀಗರ ಮನೆಯ ಮುಂದೆ ಒಂದು ಸಲವಾದರೂ ಅದನ್ನು ನಿಲ್ಲಿಸಿ ಹಾರ್ನ್ ಹೊಡೆಯಬೇಕೆಂದು ಅವನು ನಿಶ್ಚಯಿಸಿಯಾಗಿತ್ತು.

"ಒಳಗೆ ಹೋಗ್ತದಲ್ಲ ಮಾಪಣ್ಣ?" ಎಂದು ರಾಯರು ಕೇಳಿದರು.

"ಹೋಗ್ತದ್ರೀ! ಹೋಗದೇ ಏನ್ ಮಾಡ್ತದ? ಇಷ್ಟ ದೊಡ್ಡದದ, ಅಂಜಿ ಮರಾನೇ ಸರೀತಾವ."

ಮರಗಳು ಅಂಜಲಿಲ್ಲ. ನೇರಳೆಯ ಸಾಲಿನ ಬಾಯಲ್ಲಿ ಟ್ರ್ಯಾಕ್ಟರಿನ ಮೂತಿ ಒಳಗೆ ಹೋಯಿತು. ಮುಂದಿನ ಚಕ್ರಗಳೂ ಹೋದವು. ಹಿಂದಿನ ಚಕ್ರಗಳು ಎರಡು ಕಡೆಯ ನೇರಳೆಗಳ ತೊಗಟೆ ಸುಲಿದು ಅಲ್ಲೇ ಕಚ್ಚಿಕೊಂಡವು. ಹೊಗೆಯ ಕೊಳವೆ ಕೊಂಬೆಗೆ ಸಿಕ್ಕಿತು, ಬಾವುಟ ಹರಿಯಿತು, ಹಾರ ಮರದ ಕೊರಳಿಗೆ ಹೋಯಿತು. ಮಾಪಣ್ಣ ಇನ್ನಷ್ಟು ಒತ್ತಿದ. ಐವತ್ತೈದು ಕುದುರೆಗಳು ಒಟ್ಟಿಗೆ ಕೆನೆದು ನಿಂತಲ್ಲೇ ಗುಂಡಿ ತೋಡಿದವು.

ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದ ಮರಗಮ್ಮ ತಡೆಯಲಾರದೆ, "ಹೊಸಾ ಸೊಸಿ ಹಂಗ ಹೊಸ್ತಿಲದಾಗೇ ನಿಂತದಲ್ಲರೀ ಯಕ್ಕಾ! ಸೇರು ಒದೀಲಿಕ್ಕ ಹೇಳ್ರಿ, ಒಳಗ ಬರ್ತದ," ಎಂದಳು. ನಕ್ಕವರು ರತ್ನಾವತಿಯಕ್ಕ ಒಬ್ಬರೇ.

ಅದನ್ನು ಹಿಂದಕ್ಕೆ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಂಘದವರೆಲ್ಲ ಸುತ್ತ ನಿಂತು ಮರಗಳನ್ನು ದಿಟ್ಟಿಸಿ ನೋಡಿದರು. ಟ್ರ್ಯಾಕ್ಟರನ್ನು ಯಾರೂ ನೋಡಲಿಲ್ಲ.

ಹೋಟೆಲಿನ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ಟ್ರ್ಯಾಕ್ಟರು ದೊಡ್ಡದಾಯಿತು ಎಂಬ ಮಾತು ಅಲ್ಲಿ ಹುಟ್ಟಲಿಲ್ಲ. ಸಾಲುಗಳನ್ನು ಹತ್ತಿರ ಹತ್ತಿರ ನೆಟ್ಟದ್ದು ತಪ್ಪೆಂದು ಒಬ್ಬರು, ಮರಗಳು ಅಗತ್ಯಕ್ಕಿಂತ ಹೆಚ್ಚು ಬೆಳೆದುಬಿಟ್ಟವೆಂದು ಇನ್ನೊಬ್ಬರು ಹೇಳಿದರು.

"ಹಿಂದೆ ಕೊಟ್ಟು ಸಣ್ಣದು ತನ್ನಿ," ಎಂದರು ರತ್ನಾವತಿಯಕ್ಕ. "ಅದಾಗದಿದ್ರೆ ನಮ್ಮ ಪಕ್ಕದ ಚಿಕ್ಕೂ ತೋಟದವರ ಹತ್ರ ಒಂದು ಸಣ್ಣದುಂಟು. ನಾನು ಕೇಳಿ ಬಂದಿದ್ದೇನೆ. ಬಾಡಿಗೆಗೆ ಕೊಡ್ತಾರಂತೆ."

"ಪೂಜೆ ಆದ ಗಾಡಿ ಹಿಂದೆ ಕೊಡುದಾ? ಅಪಶಕುನ ಅಲ್ವಾ ಮಾರಾಯ್ತಿ!" ಎಂದರು ಲೀಲಾಧರಣ್ಣ. "ಮತ್ತೆ ಸಂಘದ್ದೇ ಟ್ರ್ಯಾಕ್ಟರ್ ಇಟ್ಕೊಂಡು ಬಾಡಿಗೆದು ತಂದ್ರೆ ಠಾಣೆಯ ಸಂಘದವರು ಎಂತ ಹೇಳಿಯಾರು?"

ಆಗ ಪುಂಡರೀಕಾಕ್ಷ ರಾಯರು ಎದ್ದು ನಿಂತು ಕಾರಣ ಹುಡುಕಿಕೊಟ್ಟರು. ವನದ ನಡುವಿನ ಒಂದು ಸಾಲನ್ನು ಕಡಿದುಬಿಟ್ಟರೆ ಅಗಲವಾದ ದಾರಿಯಾಗುತ್ತದೆ. ದಾರಿಯಾದರೆ ಟ್ರ್ಯಾಕ್ಟರು ಒಳಗೆ ಹೋಗುತ್ತದೆ. ದಾರಿ ಬೋಳಾಗಿದ್ದರೆ ಬೆಂಕಿ ಅರ್ಧದಲ್ಲೇ ನಿಲ್ಲುತ್ತದೆ. ಮರಗಳನ್ನು ಉಳಿಸಲಿಕ್ಕಾಗಿಯೇ ಮರ ಕಡಿಯುವುದು.

ಇಪ್ಪತ್ತೇಳರ ನಡುವೆ ಬರುವುದು ಚಿತ್ತಾ. ಚಿತ್ತಾ ಲೀಲಾಧರಣ್ಣನ ನಕ್ಷತ್ರ. "ಬಿಲ್ವ ಕಡಿಯುದಾ? ಶಿವ ಶಿವಾ!" ಎಂದು ರಾಯರೇ ಕಿವಿ ಮುಚ್ಚಿಕೊಂಡರು. ನಡು ಒಂದು ಸಾಲು ಆಚೆ ಸರಿಯಿತು. ಅಲ್ಲಿ ಸ್ವಾತಿ, ಲೀಲಾಧರಣ್ಣನ ಮೊಮ್ಮಗ ಹುಟ್ಟಿದ್ದು ಸ್ವಾತಿಯಲ್ಲಿ. ಇನ್ನೊಂದು ಸಾಲು ಸರಿಯಿತು. ವಿಶಾಖಾ ಖಜಾಂಚಿಯವರದು, ಅವರು ಎದುರಿಗೇ ಕೂತು ಬೋಂಡ ತಿನ್ನುತ್ತಿದ್ದರು. ಅನುರಾಧಾ ಸಭೆಯ ಕುರ್ಚಿಗಳನ್ನು ದಾನ ಮಾಡಿದವರದು, ಎಲ್ಲರೂ ಕೂತಿದ್ದದ್ದು ಅವುಗಳ ಮೇಲೆ. ಜ್ಯೇಷ್ಠಾ ರಾಯರ ಹೆಂಡತಿಯದು. ಆ ಹೆಸರು ಬಂದಾಗ ರಾಯರು ನೀರು ಕುಡಿದರು. ಹೀಗೆ ಭೂಮಿಯ ಮೇಲೆ ಎಲ್ಲೂ ಕಾಣದ ಆ ನಡು ಸರಿದು ಸರಿದು ಮೂಲಾದ ಬಳಿ ನಿಂತಿತು. ಮೂಲಾದವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಎಂದರೆ, ಇದ್ದೇನೆಂದು ಹೇಳುವವರು ಯಾರೂ ಇರಲಿಲ್ಲ.

ಮೂಲಾದಲ್ಲಿ ಹುಟ್ಟಿದ ಹುಡುಗಿ ಸೊಸೆಯಾಗಿ ಬಂದರೆ ಮಾವನಿಗೆ ಕೇಡೆಂದು ನಮ್ಮವರು ನಂಬುತ್ತಾರೆ. ಆದ್ದರಿಂದ ಆ ಹೊತ್ತಿಗೆ ಹುಟ್ಟುವ ಹೆಣ್ಣುಮಕ್ಕಳು ಜಾತಕ ಬರೆಯುವಷ್ಟರಲ್ಲಿ ಮುಂದಿನ ಪೂರ್ವಾಷಾಢಕ್ಕೆ ದಾಟಿರುತ್ತಾರೆ. ಸೌಜನ್ಯ ಹುಟ್ಟಿದಾಗಲೂ ಜೋಯಿಸರು ಗಳಿಗೆಯನ್ನು ಸ್ವಲ್ಪ ಮುಂದೆ ಹಾಕಿಕೊಡುತ್ತೇನೆ ಎಂದಿದ್ದರು. "ಹುಟ್ಟುವಾಗ ನಾನು ಅಲ್ಲೇ ಇದ್ದೆ, ನೀವಿರ್ಲಿಲ್ಲ," ಎಂದು ರತ್ನಾವತಿಯಕ್ಕ ಇದ್ದದ್ದನ್ನು ಇದ್ದ ಹಾಗೆ ಬರೆಸಿದರು. ಸಸಿ ನೆಡುವ ದಿನ ಪೂರ್ವಾಷಾಢದ ಸಾಲಿನಲ್ಲಿ ಬೆಳಗಿನ ಲೋಕಲ್ ಹತ್ತುವವರಂಥ ನೂಕಾಟವಿತ್ತು. ಪಕ್ಕದ ಮೂಲಾ ಸಾಲಿನಲ್ಲಿ ಹದಿನೇಳರ ಹುಡುಗಿ ಒಬ್ಬಳೇ ಗುಂಡಿಯಿಂದ ಗುಂಡಿಗೆ ಹೋಗುತ್ತ ಸಂಜೆಯವರೆಗೆ ಅಷ್ಟೂ ಧೂಪದ ಸಸಿಗಳನ್ನು ನೆಟ್ಟಳು. ಮುಂದೆ ಬೇಸಿಗೆಯಲ್ಲಿ ಅವುಗಳಿಗೆ ನೀರು ಹೊತ್ತವಳೂ ಅವಳೇ. ಆ ಸಾಲು ಹೋದರೆ ಹೋಗುವುದು ಅವಳೊಬ್ಬಳದು ಮಾತ್ರ. ಸಭೆಗೆ ಹಿತವಾಗಿ ಕಂಡದ್ದೂ ಅದೇ.

ಲೀಲಾಧರಣ್ಣನಿಗೆ ಸೌಜನ್ಯಾಳ ನಕ್ಷತ್ರ ಬೇರೆ ಕಾರಣಕ್ಕೂ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಮಗನಿಗೆ ಅವಳನ್ನು ನೋಡಲು ಹೋಗಿದ್ದರು. ಹುಡುಗಿ ಒಪ್ಪಿಗೆಯಾಗಿದ್ದಳು. ಕಾಫಿ ಕುಡಿಯುತ್ತ ನಕ್ಷತ್ರ ಕೇಳಿದರು. ಉತ್ತರ ಬಂದಾಗ, ಮಾವನಾಗಬೇಕಾದ ಮನುಷ್ಯ ತಾನೇ ಎಂಬುದು ಹೊಳೆದು, ಅರ್ಧ ಲೋಟ ಕಾಫಿಯನ್ನು ಅಲ್ಲೇ ಇಟ್ಟು ಎದ್ದುಬಂದರು. ಈಗಲೂ ಅವಳು ಎದುರಾದರೆ ಅವರ ಕೈ ತಾನಾಗಿ ಎದೆಯ ಮೇಲೆ ಹೋಗಿ ಬಡಿತ ನೋಡುತ್ತದೆ.

ರತ್ನಾವತಿಯಕ್ಕ ಬೇಡವೆಂದರೂ ಕಡಿಯುವುದೆಂದು ತೀರ್ಮಾನವಾಯಿತು. ಆದರೆ ನಮ್ಮವರ ಧೈರ್ಯ ನಿರ್ಣಯದವರೆಗೆ ಮಾತ್ರ. ಮರಕ್ಕೆ ಕೊಡಲಿ ಹಾಕುವ ಮೊದಲು ಪ್ರಾರ್ಥನೆಯಾಗಬೇಕು. ಸಂಘದ ಪೂಜೆ ಮಾಡಿಸುವ ಭಟ್ಟರನ್ನು ಕರೆದರು. ಭಟ್ಟರು ಎಲ್ಲ ಕೇಳಿ, ಎಲೆಯಡಿಕೆ ಒಂದು ಕಡೆಗೆ ಒತ್ತರಿಸಿ ಹೇಳಿದರು:

"ನಕ್ಷತ್ರದ ಹೆಸರಲ್ಲಿ ನೆಟ್ಟದ್ದು. ನೆಟ್ಟವರೇ ಬುಡಕ್ಕೆ ನೀರು ಬಿಟ್ಟು ಅಪ್ಪಣೆ ಕೊಡ್ಬೇಕು. ಅವರ ಬಾಯಿಂದ ಬಾರದೆ ನಾನು ಕೊಡಲಿಗೆ ಕುಂಕುಮ ಇಡುದಿಲ್ಲ. ಆಮೇಲೆ ಯಾರ ಮನೆಯಲ್ಲಿ ಎಂತ ಆದ್ರೂ ನನ್ನನ್ನು ಕೇಳ್ಬೇಡಿ."

'ಯಾರ ಮನೆಯಲ್ಲಿ' ಎಂಬ ಮಾತಿಗೆ ಸಭೆಯೆಲ್ಲ ಒಮ್ಮೆಲೇ ಭಕ್ತಿವಂತವಾಯಿತು. ಅಪ್ಪಣೆ ಇಲ್ಲದೆ ಕೊಡಲಿ ಮುಟ್ಟುವುದಿಲ್ಲವೆಂದು ಮಾಪಣ್ಣನೂ ಹೇಳಿಬಿಟ್ಟ.

ಸೌಜನ್ಯ ಆಗ ಖಾರಘರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೇಲಾಪುರದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ರಾಯರು ಫೋನಿನಲ್ಲಿ ಧರ್ಮ, ಪರಿಸರ, ಸಂಘದ ಏಳಿಗೆ ಎಲ್ಲ ಹೇಳಿದರು. ಅವಳು ಎಲ್ಲ ಕೇಳಿ, "ಸಂಡೇ ಬರ್ತೇನೆ," ಎಂದಳು. ಬರುತ್ತೇನೆಂದರೆ ಒಪ್ಪಿದಳೆಂದೇ ಅವರು ಎಲ್ಲರಿಗೂ ತಿಳಿಸಿದರು.

ಭಾನುವಾರ ಬೆಳಗ್ಗೆ ಮೂಲಾ ಸಾಲಿನ ತುದಿಯಲ್ಲಿ ಎಲ್ಲ ಸಿದ್ಧವಾಗಿತ್ತು. ತಂಬಿಗೆಯಲ್ಲಿ ನೀರು, ಬಾಳೆಲೆಯ ಮೇಲೆ ಕುಂಕುಮ, ಪಕ್ಕದಲ್ಲಿ ಕೊಡಲಿ. ಟ್ರ್ಯಾಕ್ಟರು ಹೊಸ ಹಾರ ಹಾಕಿಸಿಕೊಂಡು ಮದುವಣಿಗನ ಹಾಗೆ ದಾರಿ ಕಾಯುತ್ತಿತ್ತು. ಎದೆಯೆತ್ತರದ ಹುಲ್ಲು ಒಣಗಿ ಸೊಂಟದವರೆಗೆ ಬಾಗಿ ಗಾಳಿಗೆ ಸದ್ದು ಮಾಡುತ್ತಿತ್ತು. ರತ್ನಾವತಿಯಕ್ಕ ಮೊದಲೇ ಬಂದು ಒಂದು ಧೂಪದ ಮರಕ್ಕೆ ಒರಗಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ಕೂತಿದ್ದರು.

ಸೌಜನ್ಯ ಸ್ಟೇಷನ್ನಿನಿಂದ ರಿಕ್ಷಾ ಮಾಡಿಕೊಂಡು ಬಂದಳು. ಭಟ್ಟರಿಗೆ ನಮಸ್ಕಾರ ಮಾಡಿ, ಟ್ರ್ಯಾಕ್ಟರನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಬಾಪ್‌ರೇ! ಅಮ್ಮ, ಇದರ ಡ್ರೈವರ್‌ಗೆ ನೆಲದ ಹುಲ್ಲು ಕಾಣ್ತದಾ?"

"ಕಾಣುದು ಬೇಡ ಮಗಾ, ಇದನ್ನು ಜನ ಕಂಡ್ರೆ ಸಾಕಂತೆ."

ಲೀಲಾಧರಣ್ಣ ಮುಂದೆ ಬಂದರು. ಕೈ ಎದೆಯ ಕಡೆಗೆ ಹೊರಟದ್ದು ಅರ್ಧದಲ್ಲಿ ಜುಬ್ಬದ ಗುಂಡಿ ಸರಿಮಾಡಿ ಇಳಿಯಿತು. "ಒಳ್ಳೇದಾಯ್ತು ನೀನು ಬಂದದ್ದು. ನಮ್ಮ ಸಂಘದ ಮಗಳು ನೀನು. ಒಂದೇ ಶಬ್ದ. ನೀರು ಬಿಟ್ಟು 'ಅಪ್ಪಣೆ' ಅಂತ ಹೇಳಿದ್ರೆ ಆಯ್ತು, ಮತ್ತೆಲ್ಲ ಭಟ್ರು ನೋಡ್ಕೊಳ್ತಾರೆ."

"ರಾಯರು ಫೋನಲ್ಲಿ ಮಧ್ಯದ ಸಾಲು ಅಂದ್ರು ಅಂಕಲ್. ಮಧ್ಯದಲ್ಲಿ ಇರುದು ಚಿತ್ತಾ ಅಲ್ವಾ?"

ರಾಯರು ಕೆಮ್ಮಿದರು. "ಅದು ಬಿಲ್ವ ಅಲ್ವಾ ತಂಗಿ, ಶಿವನಿಗೆ ಪ್ರೀತಿ. ಹಾಗೆಲ್ಲ ಕಡಿಯುವ ಹಾಗಿಲ್ಲ."

"ಮತ್ತೆ ಧೂಪ ಬೇಡ ಅಂತ ಯಾವ ದೇವರು ಹೇಳಿದ್ದು ರಾಯ್ರೆ?" ಎಂದು ಕೂತಲ್ಲಿಂದಲೇ ಕೇಳಿದರು ರತ್ನಾವತಿಯಕ್ಕ. ಭಟ್ಟರು ಗುಡ್ಡದ ಕಡೆ ನೋಡಿದರು.

"ನೋಡು ಮಗಾ, ಹುಲ್ಲು ಹೇಗೆ ಒಣಗಿದೆ," ಎಂದರು ಲೀಲಾಧರಣ್ಣ. "ನಾಳೆ ಬೆಂಕಿ ಬಿದ್ರೆ ನಿನ್ನ ಸಾಲೂ ಉಳಿಯುದಿಲ್ಲ, ನಮ್ಮದೂ ಉಳಿಯುದಿಲ್ಲ. ನಿನ್ನಿಂದಾಗಿ ವನ ಇಡೀ ಹೋಯ್ತು ಅಂತ ಆಗ್ಬಾರದಲ್ಲ?"

ಅವಳಿಗೆ ಅದು ತಾಗಿತು. ಸಾಲಿನ ಉದ್ದಕ್ಕೂ ಒಮ್ಮೆ ನೋಡಿದಳು. ಮರಗಳು ಅವಳ ತಲೆಗಿಂತ ಎತ್ತರ ಬೆಳೆದಿದ್ದವು. ಹೊಸ ಎಲೆಗಳು ಕೆಂಪಗೆ ಜೋತುಬಿದ್ದಿದ್ದವು.

"ಪಕ್ಕದ ತೋಟದ ಸಣ್ಣ ಟ್ರ್ಯಾಕ್ಟರ್ ಇವತ್ತೇ ಬರ್ತದೆ ಅಂಕಲ್. ಅಮ್ಮ ಮಾತಾಡಿ ಇಟ್ಟಿದ್ದಾರೆ. ಬರಲಿ ಅನ್ನಿ, ನಾನೇ ನಿಂತು ಹುಲ್ಲು ತೆಗೆಸ್ತೇನೆ. ಒಂದು ಮರವೂ ಕಡಿಯುದು ಬೇಡ."

"ಸಂಘದ್ದು ಇಲ್ಲಿ ನಿಂತಿರುವಾಗ ಆ ಆಟಿಕೆ ಬಂದು ಕೆಲಸ ಮಾಡ್ಬೇಕಾ? ನೋಡಿದವರು ನಗುದಿಲ್ವಾ?"

"ಮರಗಮ್ಮ ಆಗ್ಲೇ ನಗ್ತಾ ಇದ್ದಾಳೆ, ನೋಡಿ."

ಮರಗಮ್ಮ ಮಾಪಣ್ಣನ ಬೆನ್ನ ಹಿಂದೆ ಸರಿದಳು. "ನಾ ಎಲ್ಲಿ ನಕ್ಕೇನ್ರೀ? ಹಲ್ಲ ನೋಯ್ತಾವ."

ಲೀಲಾಧರಣ್ಣನ ಮುಖ ಬಿಗಿಯಿತು. ಅವರು ಹತ್ತಿರ ಬಂದು, ಉಳಿದವರಿಗೆ ಕೇಳಿಸಬಾರದೆಂಬ ದನಿಯಲ್ಲಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಆ ಹಳೇ ಸಂಬಂಧದ ವಿಷಯ ನೀನು ಮನಸ್ಸಲ್ಲಿ ಇಟ್ಕೊಂಡಿದ್ದಿ. ಅದಕ್ಕೇ ಈ ಹಟ. ಅಲ್ವಾ?"

ಸೌಜನ್ಯ ನಕ್ಕಳು. "ನಿಮ್ಮ ಮಗನನ್ನು ನಾನು ನೋಡಿದ್ದು ಐದು ನಿಮಿಷ ಅಂಕಲ್. ಈಗ ದಾರಿಯಲ್ಲಿ ಸಿಕ್ಕಿದ್ರೆ ಗುರುತು ಸಿಗ್ಲಿಕ್ಕಿಲ್ಲ. ಇವುಗಳಿಗೆ ನಾನು ಹನ್ನೊಂದು ವರ್ಷ ನೀರು ಹಾಕಿದ್ದೇನೆ."

ಖಜಾಂಚಿ ಕೈಗಡಿಯಾರ ನೋಡಿಕೊಂಡರು. ಮಧ್ಯಾಹ್ನದ ಊಟಕ್ಕೆ ಹೋಟೆಲಿನಲ್ಲಿ ಹೋಳಿಗೆ ಹೇಳಿತ್ತು. ಲೀಲಾಧರಣ್ಣ ಸುತ್ತಲೂ ನೋಡಿದರು. ರಾಯರು ಈ ಸಲ ಕಾರಣ ಹುಡುಕಿಕೊಡಲಿಲ್ಲ. ಭಟ್ಟರು ತಂಬಿಗೆಯನ್ನು ಎತ್ತಿ ಅಧ್ಯಕ್ಷರ ಕೈಗೇ ಕೊಟ್ಟುಬಿಟ್ಟರು, ಕೇಳುವವರು ಕೇಳಲಿ ಎಂಬಂತೆ.

ಎರಡು ಹೋಟೆಲುಗಳ ಒಡೆಯರು ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಮೂಲಾದಲ್ಲಿ ಹುಟ್ಟಿದ ಹುಡುಗಿಯ ಎದುರು ಸ್ವಲ್ಪ ಬಗ್ಗಿದರು. ನೀರು ಅವರ ಜುಬ್ಬದ ಮೇಲೆ ತುಳುಕಿತು.

"ಇಷ್ಟು ಜನರ ಎದುರು ಕೇಳ್ತಾ ಇದ್ದೇನೆ ಮಗಾ. ಸಂಘದ ಮರ್ಯಾದೆ ಪ್ರಶ್ನೆ. ಅಪ್ಪಣೆ ಕೊಟ್ಟುಬಿಡು."

"ಕೊಡುದಿಲ್ಲ," ಎಂದಳು ಸೌಜನ್ಯ.